ಕಾಕಾಸಾಹೇಬರ ನಿಲುವಿನ ವಹಿ

ಇವತ್ತು ಮಾಡಿದ ಕೆಲಸ. ಬೆಳಿಗ್ಗೆ ನಳಕ್ಕೆ ನೀರು ಬಂದಾಗ ಒಂದು ಹಂಡೆ, ಎರಡು ಕೊಡ ತುಂಬಿದೆ. ಹಾಲು ಕಾಸಿ, ನಮ್ಮವರಿಗೆ ಚಹಾ ಕೊಟ್ಟು, ನಿನ್ನೆ ಉಳಿದ ರೊಟ್ಟಿ ಮುರಿದು ಒಗ್ಗರಣೆ ಹಾಕಿದೆ. ಟ್ರಂಕಿನಲ್ಲಿದ್ದ ಹಸಿರು ಇಳಕಲ್ ಸೀರೆಯನ್ನು ಮಾಳಿಗೆಯ ಮೇಲೆ ಒಂದು ತಾಸು ಬಿಸಿಲಿಗೆ ಹಾಕಿ, ಹೊಸ ನುಸಿಗುಳಿಗೆ ಇಟ್ಟು ಮತ್ತೆ ಮಡಿಚಿದೆ. ಕರೆಂಟಿನ ಬಿಲ್ಲು ತುಂಬಿ ಬಂದೆ. ಅಲ್ಲಿ ಸರದಿ ಉದ್ದವಿತ್ತು, ಮುಂದೆ ನಿಂತವರ ಮಗಳ ಮದುವೆಯ ಸುದ್ದಿ ಪೂರ್ತಿ ಕೇಳಿದೆ. ಹನ್ನೊಂದಕ್ಕೆ ಹಳೆಯ ಡ್ರೈವರ್ ಗೌತಮ ಗಾಡಿ ತಂದ. ನಾಗನೂರಿಗೆ ಹೋಗಿ, ಊಟ ಮಾಡಿ, ಸಂಜೆಯೊಳಗೆ ಗೋಕಾಕಕ್ಕೆ ಮರಳಿದೆ. ನಾಗನೂರಿನ ಮಾತು ಕೊನೆಗೆ ಬರುತ್ತದೆ.

ಇದನ್ನು ಬರೆಯಲು ಕೂತದ್ದು ಬಾಜೂ ಮನೆಯ ಸವಿತಾಳ ಸಲುವಾಗಿ. ಅವಳಿಗೆ ಹೊಸ ಶಾಸಕರೊಬ್ಬರ ಆಪ್ತ ಸಹಾಯಕಿಯ ಕೆಲಸ ಬಂದಿದೆ. ಕಳೆದ ವಾರ ಪೇಢೆ ಹಿಡಿದು ಬಂದು ಕೇಳಿದಳು: “ಕಾಕೂ, ನೀವು ಅಷ್ಟ ವರ್ಷ ಮಾಡೀರಿ. ಅಲ್ಲಿ ಖರೆ ಅಂದ್ರ ಏನ ಕೆಲಸ ಇರ್ತೈತ್ರಿ?”

“ಟೈಪಿಂಗ್,” ಅಂದೆ.

ಅವಳಿಗೆ ಸಮಾಧಾನ ಆಗಲಿಲ್ಲ. ನನಗೂ ಆಗಲಿಲ್ಲ.

ನಾನು ಸರ್ಕಾರಿ ಕಚೇರಿಯೊಂದರಲ್ಲಿ ಟೈಪಿಸ್ಟ್ ಆಗಿದ್ದವಳು. ತೊಂಬತ್ತರ ದಶಕದ ಮೊದಲಿಗೆ ನನ್ನನ್ನು ಶಾಸಕರ ಕಚೇರಿಗೆ ನಿಯೋಜಿಸಿದರು. ಶಾಸಕರ ಹೆಸರು ಬೇಡ. ಊರವರೆಲ್ಲ ಅವರನ್ನು ಕಾಕಾಸಾಹೇಬರು ಅನ್ನುತ್ತಿದ್ದರು, ಎದುರಿಗೆ ಬರೀ ಕಾಕಾ. ಮೂಡಲಗಿಯ ಕಡೆಯ ಜೈನ ರೈತ ಮನೆತನ. ಬಿಳಿ ಅಂಗಿ, ಬಿಳಿ ಧೋತರ, ಕರಿ ಟೊಪಗಿ. ಹೊತ್ತು ಮುಳುಗುವುದರೊಳಗೆ ಊಟ ಮುಗಿಸಬೇಕು. ಮುಳುಗಿದ ಮೇಲೆ ಹನಿ ನೀರೂ ಇಲ್ಲ. ಇದು ಗೊತ್ತಿದ್ದ ಎದುರು ಪಕ್ಷದವರು ತಮ್ಮ ಮನವಿಗಳನ್ನು ಸರಿಯಾಗಿ ಸಂಜೆ ಐದೂವರೆಗೆ ತರುತ್ತಿದ್ದರು, ಘೋಷಣೆ ಕೂಗುತ್ತ ಏಳರವರೆಗೆ ನಿಲ್ಲುತ್ತಿದ್ದರು. ಸಾಹೇಬರು ಅಷ್ಟೂ ಹೊತ್ತು ಕೈಮುಗಿದು ನಿಂತು ಕೇಳಿ ಉಪವಾಸ ಮಲಗುತ್ತಿದ್ದರು. ಒಮ್ಮೆಯೂ ಬೈದದ್ದು ನೋಡಲಿಲ್ಲ. ಮರುದಿನ ಬೆಳಿಗ್ಗೆ ಉಪ್ಪಿಟ್ಟು ಮಾತ್ರ ಎರಡು ಸಲ ಹಾಕಿಸಿಕೊಳ್ಳುತ್ತಿದ್ದರು.

ನಾನು ಸೇರಿದ ಮೊದಲ ವರ್ಷ ಒಂದು ತೊಂದರೆ ಆಯಿತು. ಒಂದು ಮಂಗಳವಾರ ಸಾಹೇಬರು ಧುಪದಾಳದಲ್ಲಿ, ಒಡ್ಡಿನ ನೀರು ಇಲ್ಲಿಯೇ ನಿಲ್ಲಬೇಕು ಎಂದು ಭಾಷಣ ಮಾಡಿದರು. ಅದೇ ದಿನ ಮಧ್ಯಾಹ್ನ ಕಾಲುವೆಯ ಕೊನೆಯ ಊರಿನಲ್ಲಿ, ಒಡ್ಡಿನ ನೀರು ಕೂಡಲೇ ಕೆಳಗೆ ಬಿಡಬೇಕು ಎಂದರು. ಎರಡೂ ಕಡೆ ಹಾರ ಹಾಕಿದರು. ಬುಧವಾರದ ಪತ್ರಿಕೆಯಲ್ಲಿ ಎರಡೂ ಮಾತು, ಎರಡೂ ಹಾರದ ಫೋಟೋ, ಅಕ್ಕಪಕ್ಕ ಬಂದವು.

ಸಾಹೇಬರು ಪತ್ರಿಕೆ ಮಡಿಚಿ ನನ್ನ ಮೇಜಿನ ಮೇಲೆ ಇಟ್ಟರು. “ಬಾಯಾರ, ನಾ ಏನ ಹೇಳೀನಿ ಅನ್ನೂದು ನನಗ ನೆನಪ ಇರೂದಿಲ್ಲ. ಮಂದಿಗೆ ಇರ್ತೈತಿ. ಒಂದ ವಹಿ ಮಾಡ್ರಿ.”

ಅಂಗಡಿಯವರು ಬಳಸುವ ಕೆಂಪು ಬಟ್ಟೆಯ ಉದ್ದನೆಯ ವಹಿ ತಂದೆ. ನಾಲ್ಕು ಮನೆ ಗೆರೆ ಹೊಡೆದೆ: ವಿಷಯ, ಊರು, ಸಾಹೇಬರು ಹೇಳಿದ ಮಾತು, ಮಂದಿ ಏನು ಮಾಡಿದರು. ಕೊನೆಯ ಮನೆ ನನ್ನ ಸ್ವಂತದ್ದು, ಸಾಹೇಬರು ಹೇಳಿರಲಿಲ್ಲ. ಅದರಿಂದಲೇ ಮುಂದೆ ಎಲ್ಲ ಆಯಿತು.

ವಹಿಯಲ್ಲಿ ಏನಿತ್ತು ಅಂತ ಸವಿತಾ ಕೇಳಬಹುದು. ಸಾಹೇಬರು ಹಳೆಯ ಕಾಲದ ಮನುಷ್ಯ, ನಿಲುವುಗಳೂ ಹಾಗೆಯೇ. ಸಾರಾಯಿ: ಪೂರ್ತಿ ವಿರೋಧ. ಲಾಟರಿ: ವಿರೋಧ. ಒಂದನೇ ಇಯತ್ತೆಯಿಂದ ಇಂಗ್ಲಿಷ್: ವಿರೋಧ. (ಮೊಮ್ಮಗಳು ಬೆಳಗಾವಿಯಲ್ಲಿ ಯಾವ ಸಾಲೆಗೆ ಹೋಗುತ್ತಾಳೆ ಎಂಬುದಕ್ಕೆ ವಹಿಯಲ್ಲಿ ಮನೆ ಇರಲಿಲ್ಲ.) ಮೂಡಲಗಿ ತಾಲೂಕು ಆಗಬೇಕು: ಪರ. ಗಡಿ: ಒಂದು ಇಂಚೂ ಬಿಡುವುದಿಲ್ಲ. ಸಂಕೇಶ್ವರದ ವ್ಯಾಪಾರಿಗಳ ಮುಂದೆ ಇದನ್ನೇ ಮರಾಠಿಯಲ್ಲಿ ಹೇಳಿದರು, ಅವರೂ ಚಪ್ಪಾಳೆ ಹೊಡೆದರು. ಪಂಚಾಯತಿಯಲ್ಲಿ ಹೆಣ್ಣುಮಕ್ಕಳಿಗೆ ಮೀಸಲು: ವಿರೋಧ, ಆದರೆ ಆರಿಸಿ ಬಂದವರನ್ನು ಕುರ್ಚಿಯ ಮೇಲೆ ಕೂಡ್ರಿಸಬೇಕು. ಸಿನಿಮಾ ಪೋಸ್ಟರು ಸಾಲೆಯ ಗೋಡೆಗೆ ಹಚ್ಚುವುದು: ವಿರೋಧ. ಸಾಲೆಯ ಊಟದಲ್ಲಿ ತತ್ತಿ: ತೀವ್ರ ವಿರೋಧ.

ಸಾಹೇಬರ ಗಾಡಿ ಓಡಿಸುತ್ತಿದ್ದ ಗೌತಮ ಬೌದ್ಧರ ಹುಡುಗ. ಕಚೇರಿಯ ಹಿಂದಿನ ಓಣಿಯಲ್ಲಿ ದಿನಾ ಹತ್ತೂವರೆಗೆ ಎರಡು ಬೇಯಿಸಿದ ತತ್ತಿ ತಿಂದು ಬರುತ್ತಿದ್ದ. ತತ್ತಿಯ ಭಾಷಣ ಆದ ಮರುದಿನವೂ ತಿಂದು ಬಂದ. ನಾನು ಮುಖ ನೋಡಿದೆ. “ನಿಲುವು ಸಾಹೇಬ್ರದು, ಹೊಟ್ಟಿ ನಂದ್ರಿ ಬಾಯಾರ,” ಅಂದ. ಸಾಹೇಬರಿಗೆ ಎಲ್ಲ ಗೊತ್ತಿತ್ತು. ಹತ್ತೂವರೆಗೆ ಅವರು ಎಂದೂ ಗಾಡಿ ಕೇಳುತ್ತಿರಲಿಲ್ಲ.

ವಹಿಯಿಂದ ಚೀಟಿಗಳು ಹುಟ್ಟಿದವು. ಊರಿಗೆ ಹೋಗುವ ಮುನ್ನ ಎರಡು ಚೀಟಿ ಬರೆದು ಸಾಹೇಬರ ಅಂಗಿಯ ಎರಡು ಕಿಸೆಗೆ ಹಾಕುತ್ತಿದ್ದೆ. ಎಡಗಡೆ ಆ ಊರಿನಲ್ಲಿ ಹೇಳಬೇಕಾದ ನಿಲುವು. ಬಲಗಡೆ ಹೋದ ಸಲದ ಭೇಟಿಯಿಂದ ಈಚೆಗೆ ಅಲ್ಲಿ ತೀರಿಕೊಂಡ ಹಿರಿಯರ ಹೆಸರು. ಇದನ್ನು ಬಹಳ ದಿನ ಸರಿಯಾಗಿ ಮಾಡಿದೆ. ಒಂದು ದಿನ ಅವಸರದಲ್ಲಿ ಎದುರು ನಿಂತು ಹಾಕಿದೆ. ನನ್ನ ಎಡ ಅವರ ಬಲವಾಯಿತು.

ಸಾಹೇಬರಿಗೆ ಚೀಟಿಯನ್ನು ಮೊದಲೇ ಓದಿಕೊಳ್ಳುವ ರೂಢಿ ಇರಲಿಲ್ಲ. ವೇದಿಕೆಯ ಮೇಲೆ ಎಡಗಿಸೆಯ ಚೀಟಿ ತೆಗೆದು ಮೂವರ ಹೆಸರು ಗಟ್ಟಿಯಾಗಿ ಓದಿದರು. “ಇವುಗಳ ವಿಷಯದಾಗ ನನ್ನ ನಿಲುವು ಮೊದಲಿನಿಂದ ಒಂದ ಐತಿ. ಇವುಗಳಿಂದ ಎಷ್ಟೋ ಮನಿ ಹಾಳಾಗ್ಯಾವು. ಸರ್ಕಾರ ಕೂಡಲೇ ಬಂದ್ ಮಾಡಬೇಕು.” ಆಮೇಲೆ ಬಲಗಿಸೆ. “ಸಾರಾಯಿ, ಲಾಟರಿ... ಇವರು ನಮ್ಮನ್ನ ಅಗಲ್ಯಾರ. ಎಲ್ಲಾರೂ ಎದ್ದ ನಿಂತು ಎರಡ ನಿಮಿಷ ಮೌನ ಮಾಡೂಣು.”

ಊರೆಲ್ಲ ಎದ್ದು ನಿಂತಿತು. ಹಿಂದಿನ ಸಾಲಿನಲ್ಲಿ ಒಬ್ಬ ಮುದುಕ ಪಕ್ಕದವನಿಗೆ ಕೇಳಿದ್ದು ನನಗೂ ಕೇಳಿಸಿತು: “ಸಾರಾಯಿ ಖರೇನ ಹೋತೇನಪಾ?”

ಮರಳುವಾಗ ಸಾಹೇಬರು ಗೋಕಾಕದವರೆಗೆ ಎರಡೂ ಚೀಟಿ ಓದುತ್ತ ಬಂದರು. ಇಳಿಯುವಾಗ ಅಂದರು: “ಇನ್ನ ಮ್ಯಾಲೆ ಒಂದ ಕಿಸೆ.”

“ತೀರಿಕೊಂಡವರದು ಏನ ಮಾಡ್ಲ್ರಿ?”

“ಬಾಯಿಂದ ಹೇಳ್ರಿ.”

ಆ ದಿನದ ವಹಿಯಲ್ಲಿ ಕೊನೆಯ ಮನೆಯಲ್ಲಿ ಹೀಗೆ ಬರೆದಿದ್ದೇನೆ: ‘ಮಂದಿ ಎದ್ದು ನಿಂತರು. ತೀರಿಕೊಂಡವರ ಮನೆಯವರೂ ನಿಂತರು.’

ಇನ್ನು ಎರಡು ಪದ್ಧತಿ ಹೇಳಬೇಕು. ಅವಿಲ್ಲದೆ ಮುಂದಿನದು ತಿಳಿಯುವುದಿಲ್ಲ.

ಒಂದು, ಖಾಲಿ ಸಹಿ. ಅಧಿವೇಶನ ಇದ್ದಾಗ ಸಾಹೇಬರು ಸೋಮವಾರ ಬೆಂಗಳೂರಿಗೆ ಹೊರಡುವ ಮುನ್ನ ಲೆಟರ್‌ಹೆಡ್ಡಿನ ಖಾಲಿ ಹಾಳೆಗಳ ಕೆಳಗೆ ಸಹಿ ಮಾಡಿಟ್ಟು ಹೋಗುತ್ತಿದ್ದರು. ಯಾರಾದರೂ ಪತ್ರ ಕೇಳಿ ಬಂದರೆ ನಾನು ವಹಿ ನೋಡಿ, ನಿಲುವಿಗೆ ಹೊಂದಿದರೆ ಟೈಪ್ ಮಾಡಿ ಕೊಡಬೇಕು. ಹೊಂದದಿದ್ದರೆ ಇಲ್ಲ ಅನ್ನಬೇಕು. ಗೊಂದಲ ಇದ್ದರೆ ಫೋನು ಮಾಡಿ ಕೇಳಬೇಕು. ಇದರಲ್ಲಿ ಒಂದು ಕೈಚಳಕ ಇದೆ. ಸಹಿ ಎಲ್ಲಿದೆಯೋ ಅದರ ಮೇಲೆ ಎರಡು ಬೆರಳು ಜಾಗ ಬಿಟ್ಟು ಮಾತು ಮುಗಿಯಬೇಕು. ಹೆಚ್ಚಾದರೆ ಸಹಿಯ ಮೇಲೆ ಅಕ್ಷರ ಬೀಳುತ್ತದೆ, ಕಡಿಮೆಯಾದರೆ ನಡುವೆ ಯಾರು ಏನು ಸೇರಿಸುತ್ತಾರೋ. ಅದರಲ್ಲಿ ನನ್ನ ಕೈ ಕೂತಿತ್ತು.

ಎರಡು, ಸೀರೆ. ಅಪ್ಪ ತೀರಿದ ಮೇಲೆ ಹೊಲ ಗಂಡುಮಕ್ಕಳ ಹೆಸರಿಗೆ ಆಗಬೇಕಾದರೆ ಹೆಣ್ಣುಮಕ್ಕಳು ಹಕ್ಕು ಬಿಟ್ಟೆನೆಂದು ಸಹಿ ಹಾಕಬೇಕು. ನಮ್ಮ ಕಡೆ ಇದನ್ನು ಹಿರಿಯರ ಮುಂದೆ ಮಾಡುತ್ತಾರೆ. ಅಣ್ಣ ಸೀರೆ ತರುತ್ತಾನೆ, ತಂಗಿ ಅದನ್ನು ಉಟ್ಟು ಬಂದು ಸಹಿ ಹಾಕುತ್ತಾಳೆ, ಎಲ್ಲರೂ ಬುಂದಿ ತಿನ್ನುತ್ತಾರೆ. ನಮ್ಮ ಕಚೇರಿಯಲ್ಲಿ ಗುರುವಾರ ಇದಕ್ಕೇ ಇಟ್ಟಿದ್ದ ದಿನ. ‘ಹೆಣ್ಣುಮಕ್ಕಳಿಗೆ ಹೊಲದಲ್ಲಿ ಪಾಲು: ವಿರೋಧ. ತವರು ಇರಬೇಕು, ತಕರಾರು ಇರಬಾರದು.’ ಈ ನಿಲುವು ವಹಿಯಲ್ಲಿ ನಾಲ್ಕು ಊರಿನ ಮುಂದೆ ನಾಲ್ಕು ಸಲ ಇದೆ. ಸಾಕ್ಷಿ ಬೇಕಾದಾಗ ಸಾಹೇಬರು ನನ್ನ ಕಡೆ ನೋಡುತ್ತಿದ್ದರು. ಹನ್ನೊಂದು ಪತ್ರಗಳಲ್ಲಿ ಸಾಕ್ಷಿಯ ಜಾಗದಲ್ಲಿ ಇರುವುದು ನನ್ನ ಸಹಿ. ಅಕ್ಷರ ಚೆನ್ನಾಗಿದೆ.

ನಾನೂ ನನ್ನ ತವರಾದ ಹುಕ್ಕೇರಿಯಲ್ಲಿ ಹಾಗೆಯೇ ಸಹಿ ಹಾಕಿದವಳು. ಈ ಕೆಲಸಕ್ಕೆ ಬರುವ ಮೊದಲೇ. ಹಸಿರು ಇಳಕಲ್ ಕೊಟ್ಟರು. ಇವತ್ತು ಬಿಸಿಲಿಗೆ ಹಾಕಿದ್ದು ಅದೇ. ಬಣ್ಣ ಹೋಗಿಲ್ಲ, ಒಳ್ಳೆಯ ಸೀರೆ.

ಒಂದು ಮಂಗಳವಾರ ನಾಗನೂರಿನಿಂದ ಪದ್ಮಾವತಿ ಬಂದಳು. ನಲವತ್ತರ ಹತ್ತಿರದ ಹೆಣ್ಣುಮಗಳು, ಕೈಯಲ್ಲಿ ಪ್ಲಾಸ್ಟಿಕ್ ಚೀಲ. ಅವಳ ಅಣ್ಣ ಭರಮಪ್ಪನನ್ನು ನಮ್ಮ ಕಚೇರಿಯಲ್ಲಿ ಎಲ್ಲರೂ ಬಲ್ಲರು. ನಾಗನೂರಿನಲ್ಲಿ ಸಾಹೇಬರ ಚುನಾವಣೆ ಎಂದರೆ ಭರಮಪ್ಪ. ಗೋಡೆ ಬರೆಯುವುದು, ಮಂದಿ ಕೂಡಿಸುವುದು, ಮತಗಟ್ಟೆಯಲ್ಲಿ ಕೂಡುವುದು, ಎಲ್ಲ ಅವನೇ.

“ಅಕ್ಕಾರ, ಸಾಹೇಬ್ರ ಅದಾರೇನ್ರಿ?”

“ಇಲ್ಲವಾ, ಬೆಂಗಳೂರಾಗ ಅದಾರ. ಗುರುವಾರ ಬರ್ತಾರ. ಏನಿತ್ತು?”

“ಗುರುವಾರ ಅಣ್ಣ ನನ್ನ ಇಲ್ಲೆ ಕರಕೊಂಡ ಬರ್ತಾನಂತ್ರಿ. ಸೀರಿ ತಂದ ಇಟ್ಟಾನ.”

“ಮತ್ತ?”

“ನನಗ ಸೀರಿ ಬ್ಯಾಡ್ರಿ. ಸೀರಿ ಉಟಗೊಂಡ ಎಲ್ಲಿ ಹೋಗ್ಲಿ?”

ಕೂಡ್ರಿಸಿ ಕೇಳಿದೆ. ಗಂಡ ಕೊಲ್ಹಾಪುರದ ಕಡೆ ಇನ್ನೊಬ್ಬಳೊಡನೆ ಸಂಸಾರ ಹೂಡಿದ್ದ. ಹನ್ನೆರಡು ವರ್ಷದ ಹಿಂದೆ ಇವಳು ತವರಿಗೆ ಬಂದಳು. ಅಪ್ಪನಿಗೆ ಲಕ್ವ ಹೊಡೆದು ಐದು ವರ್ಷ ಹೊರಸಿನ ಮೇಲೆ ಮಲಗಿದಲ್ಲಿಯೇ ಇದ್ದ, ಈಗ ಎರಡು ತಿಂಗಳ ಹಿಂದೆ ತೀರಿಕೊಂಡ. ಭರಮಪ್ಪ ಹೊಲವನ್ನೂ ಹೊಲದಲ್ಲಿನ ಮನೆಯನ್ನೂ ಮಾರಿ ಸಂಕೇಶ್ವರದಲ್ಲಿ ಅಂಗಡಿ ಹಾಕುವವನಿದ್ದ. ಕೊಳ್ಳುವವರೂ ಸಿಕ್ಕಿದ್ದರು. ಪದ್ಮಾವತಿ ಎಲ್ಲಿರಬೇಕು ಎಂದರೆ ತಿಂಗಳಿಗೊಬ್ಬ ನೆಂಟರ ಮನೆ ಅಂದಿದ್ದ.

ಹೊಲವನ್ನು ಭರಮಪ್ಪನೊಬ್ಬನ ಹೆಸರಿಗೆ ಮಾಡುವ ನೋಟೀಸನ್ನು ಊರ ಚಾವಡಿಗೆ ಹಚ್ಚಿದ್ದರು. ತಕರಾರು ಹೇಳಲು ಇನ್ನು ಆರು ದಿನ ಇತ್ತು. ಕಾಯ್ದೆ ಆಕೆಯ ಕಡೆಗಿತ್ತು. ಊರು ಇರಲಿಲ್ಲ. ಊರಿನ ಹೊಲದ ದಫ್ತರ ನೋಡುವ ತಲಾಠಿ ಅರ್ಜಿ ತೆಗೆದುಕೊಳ್ಳುತ್ತೇನೆ ಎಂದೇ ಅಂದಿದ್ದರು. ಆದರೆ ವಿಚಾರಣೆಯಲ್ಲಿ ಈಕೆ ಇಲ್ಲಿಯೇ ಇದ್ದಾಳೆ, ಅಪ್ಪನನ್ನು ನೋಡಿಕೊಂಡಿದ್ದಾಳೆ ಎಂದು ಹೇಳಲು ಊರಿನ ಐದು ಹಿರಿಯರು ಬೇಕು. ಐವರೂ ಒಂದೇ ಮಾತು ಹೇಳಿ ಕಳಿಸಿದ್ದರು: “ಭರಮಾ ಸಾಹೇಬ್ರ ಮನಶ್ಯಾ. ಸಾಹೇಬ್ರ ಪತ್ರ ತಗೊಂಬಾ, ಹೇಳ್ತೇವಿ.”

ವಹಿ ತೆಗೆದೆ. ಹೆಣ್ಣುಮಕ್ಕಳ ಪಾಲು: ವಿರೋಧ, ವಿರೋಧ, ವಿರೋಧ, ವಿರೋಧ.

“ಆಗೂದಿಲ್ಲವಾ,” ಅಂದೆ.

ಅವಳು ಏಳಲಿಲ್ಲ. ನೀರು ಕೇಳಿದಳು, ಕುಡಿದಳು, ಲೋಟ ತೊಳೆದು ಬೋರಲು ಹಾಕಿದಳು. ಆಮೇಲೆ, ಯಾವುದೋ ಬೇರೆ ಸುದ್ದಿ ಹೇಳುವವಳ ಹಾಗೆ ಅಂದಳು: “ಮೂಡಲಗ್ಯಾಗ ಸಾಹೇಬ್ರ ಭಾಷಣ ಇತ್ತಲ್ರಿ, ಆವತ್ತ ನಾವೂ ಇದ್ವಿರಿ. ಅಪ್ಪನ್ನ ಡಾಕ್ಟರ ಕಡೆ ಒಯ್ದಿದ್ನಿ. ಗಾಡಿ ಸಿಗಲಿಲ್ಲಂತ ಬಯಲಾಗ ಹೊತಗೊಂಡ ಹೋಗಿ ಕುಂದರಿಸಿದ್ನಿ. ಸಾಹೇಬ್ರ ಮಾತ ಕೇಳಿ ಅಪ್ಪ ಅತ್ತ. ಬಾಜೂಕ ಕುಂತಿದ್ದ ಮುದುಕ್ರೂ ಅತ್ತರು.”

ಅತ್ತರು ಅಂದದ್ದು ನನಗೆ ಎಲ್ಲೋ ಬರೆದ ನೆನಪು. ವಹಿಯ ಹಿಂದಿನ ಹಾಳೆ ತಿರುವಿದೆ. ನಲವತ್ತೊಂದನೆಯ ನಮೂದು. ವಿಷಯ: ತಂದೆ-ತಾಯಿಯ ಸೇವೆ. ಊರು: ಮೂಡಲಗಿ, ಬಯಲು. ಮಾತು: ‘ಹೆತ್ತವರನ್ನ ಕೊನೀತನಕ ಎತ್ತಿ ಇಳಿಸಿದವರದ ಮನಿ, ಅವರದ ಹೊಲ. ಹಿರೇರ ಭೂಮಿ ಮಾರಿ ತಿನ್ನಾಕ ಅಲ್ಲ.’ ಕೊನೆಯ ಮನೆ: ‘ಚಪ್ಪಾಳೆ. ಮುಂದಿನ ಸಾಲಿನ ಕೆಲವು ಮುದುಕರು ಅತ್ತರು.’

ಎರಡು ನಿಲುವು, ಎರಡೂ ಸಾಹೇಬರವೇ. ಗೊಂದಲ ಇದ್ದರೆ ಫೋನು ಮಾಡಬೇಕು ಎಂಬುದು ನನಗಿದ್ದ ಆದೇಶ. ಫೋನು ಮೇಜಿನ ಮೇಲೇ ಇತ್ತು. ಅದರಲ್ಲಿ ಶಬ್ದವೂ ಬರುತ್ತಿತ್ತು, ಎತ್ತಿ ನೋಡಿದೆ. ಇಟ್ಟೆ. ಕೇಳಿದ್ದರೆ ಬೇಡ ಅನ್ನುತ್ತಿದ್ದರು. ಅಂದ ಮೇಲೆ ಬರೆಯಲು ಬರುತ್ತಿರಲಿಲ್ಲ.

ಖಾಲಿ ಹಾಳೆ ತೆಗೆದು ಯಂತ್ರಕ್ಕೆ ಏರಿಸಿದೆ. ತಹಸೀಲ್ದಾರರಿಗೆ ಪತ್ರ, ಚಾವಡಿಯಲ್ಲಿ ಓದಲು ಒಂದು ಪ್ರತಿ. ‘ಹೆತ್ತವರ ಸೇವೆ ಮಾಡಿದವರ ಹೆಸರು ಬಿಟ್ಟು ಹೊಲದ ಹಕ್ಕು ನಮೂದಿಸಬಾರದೆಂಬುದೂ, ಹಿರಿಯರ ಭೂಮಿ ಮಾರಬಾರದೆಂಬುದೂ ನಾನು ಮೂಡಲಗಿಯಲ್ಲಿ ಬಹಿರಂಗವಾಗಿ ಹೇಳಿದ ನಿಲುವು. ನಾಗನೂರಿನ ಪದ್ಮಾವತಿ ಇವರು ತಂದೆಯನ್ನು ಐದು ವರ್ಷ ನೋಡಿಕೊಂಡಿರುವುದನ್ನು ಹಿರಿಯರಿಂದ ವಿಚಾರಿಸಿ ಮುಂದಿನ ಕ್ರಮ ಆಗಬೇಕು.’ ಸಹಿಯ ಮೇಲೆ ಸರಿಯಾಗಿ ಎರಡು ಬೆರಳು ಜಾಗ ಉಳಿಯಿತು.

ಪದ್ಮಾವತಿ ಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು, ಚೀಲವನ್ನು ಸೆರಗಿನೊಳಗೆ ಇಟ್ಟುಕೊಂಡು ಹೋದಳು. ಮನೆಗೆ ಬಂದು ನಮ್ಮವರಿಗೆ ಹೇಳಿದೆ. ಅವರು ಸಾಲೆಯ ಮಾಸ್ತರರು, ತಪ್ಪು ತಿದ್ದುವುದೇ ಕೆಲಸ. “ನೌಕರಿ ಹೋದ್ರ?” ಅಂದರು. “ಹೋಗ್ಲಿ ಅಂತ ಅನಸವಲ್ದು,” ಅಂದೆ. ಖರೆ ಹೇಳಿದೆ. ಮಗಳ ಕಾಲೇಜು ಆಗ ನಡುವಿನಲ್ಲಿತ್ತು.

ಗುರುವಾರ ಮಧ್ಯಾಹ್ನ ಸಾಹೇಬರು ಬಂದು ಕೂತರು. ಸ್ವಲ್ಪ ಹೊತ್ತಿಗೆ ಭರಮಪ್ಪ ಬಂದ. ತಂಗಿ ಜೊತೆಗಿಲ್ಲ. ಒಂದು ಕೈಯಲ್ಲಿ ಸೀರೆಯ ಪೊಟ್ಟಣ, ಇನ್ನೊಂದರಲ್ಲಿ ಪತ್ರದ ಪ್ರತಿ. ಎರಡನ್ನೂ ಮೇಜಿನ ಮೇಲೆ ಇಟ್ಟ.

“ಕಾಕಾ, ಇದೇನ್ರಿ ಇದು? ನಿನ್ನಿ ಚಾವಡ್ಯಾಗ ಮಂದಿ ಮುಂದ ನಿಮ್ಮ ಪತ್ರ ಓದಿದ್ರು. ಐದೂ ಮಂದಿ ಹಿರೇರ ಆಕಿ ಕಡೆ ಮಾತಾಡಿದ್ರು. ಮೂರು ಇಲೆಕ್ಷನ್ ನಿಮ್ಮ ಸಲುವಾಗಿ ತಿರಿಗೇನಿ, ನನ್ನ ಮಾರಿಗೆ ಮಸಿ ಹಚ್ಚಿದ್ರೆಲ್ರಿ!”

ಸಾಹೇಬರು ಚಷ್ಮಾ ಹಾಕಿಕೊಂಡು ಓದಿದರು. ಇನ್ನೊಮ್ಮೆ ಓದಿದರು.

“ಸಹಿ ನಂದ ಐತಿ,” ಅಂದರು. ಆಮೇಲೆ ನನ್ನ ಕಡೆ ತಿರುಗಿದರು. “ಬಾಯಾರ, ಇದನ್ನ ನಾ ಯಾವಾಗ ಬರದೆ?”

“ಸೋಮವಾರ ಸಹಿ ಮಾಡೀರ್ರಿ. ಮಂಗಳವಾರ ನಾ ಟೈಪ್ ಮಾಡೇನ್ರಿ.”

“ಫೋನ್ ಮಾಡಿ ಕೇಳಿದ್ರೇನು?”

“ಇಲ್ರಿ.”

“ಯಾಕ?”

“ಕೇಳಿದ್ರ ಬ್ಯಾಡ ಅಂತಿದ್ರಿ.”

ಹೊರಗೆ ಗಾಡಿಯ ಗಾಜು ಒರೆಸುತ್ತಿದ್ದ ಗೌತಮನ ಕೈ ನಿಂತಿತು. ಈ ಪತ್ರ ನನ್ನದಲ್ಲ ಎಂದು ಸಾಹೇಬರು ಅಂದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು. ಐದು ಹಿರಿಯರು ಮಾತು ಹಿಂತೆಗೆದುಕೊಳ್ಳುತ್ತಿದ್ದರು, ಪದ್ಮಾವತಿ ನೆಂಟರ ಮನೆಗೆ, ನಾನು ನನ್ನ ಮನೆಗೆ.

“ವಹಿ ತರ್ರಿ,” ಅಂದರು.

ನಲವತ್ತೊಂದನೆಯ ನಮೂದಿನ ಮೇಲೆ ಬ್ಲಾಟಿಂಗ್ ಪೇಪರ್ ಇಟ್ಟು ಕೊಟ್ಟೆ. ಮುದುಕರು ಅತ್ತರು ಎಂಬಲ್ಲಿ ಅವರ ಬೆರಳು ಬಹಳ ಹೊತ್ತು ನಿಂತಿತು.

“ಭರಮಾ, ಅಪ್ಪ ಎಷ್ಟ ವರ್ಷ ಹಾಸಿಗಿ ಮ್ಯಾಲಿದ್ದ?”

“ಐದ್ರಿ.”

“ಎತ್ತಿ ಇಳಸಾಕ ಯಾರಿದ್ರು?”

“ಆಕೀನ ಇದ್ದಳ್ರಿ.”

“ನೀ ಎಲ್ಲಿದ್ದಿ?”

“ನಾ ನಿಮ್ಮ ಪ್ರಚಾರದಾಗ ಇದ್ನೆಲ್ರಿ ಕಾಕಾ!”

ಭರಮಪ್ಪ ಇದನ್ನು ಬಲು ಹೆಮ್ಮೆಯಿಂದಲೇ ಅಂದ. ಅಂದ ಮೇಲೆ ಅವನಿಗೂ ಏನೋ ಅನ್ನಿಸಿತು, ಸೀರೆಯ ಪೊಟ್ಟಣದ ದಾರ ಸರಿಮಾಡತೊಡಗಿದ.

ಸಾಹೇಬರು ವಹಿ ಮುಚ್ಚಿದರು. “ಹೌದು. ನನ್ನ ಪ್ರಚಾರದಾಗ ಇದ್ದಿ.” ವಹಿಯನ್ನು ನನ್ನ ಕಡೆ ಸರಿಸಿ ಅಂದರು: “ಪತ್ರ ನಂದ. ಹಿಂದ ತಗೊಳ್ಳೂದಿಲ್ಲ.”

“ಹೆಣ್ಣಮಕ್ಕಳಿಗೆ ಪಾಲ ಕೊಡಬಾರದು ಅಂತ ನೀವ ಭಾಷಣ ಮಾಡ್ತೀರಿ ಮತ್ತ!”

“ಇನ್ನ ಮುಂದೂ ಮಾಡ್ತೇನಿ.”

“ಅಂದ್ರ?”

“ಅಂದ್ರ ಮಾಡ್ತೇನಿ. ಸೀರಿ ಒಯ್ದು ನಿನ್ನ ಹೇಂತಿಗೆ ಕೊಡು. ಬಿಸಲಾಗ ಬಂದಿ, ಮಜ್ಜಿಗಿ ಕುಡದ ಹೋಗು.”

ಭರಮಪ್ಪ ಮಜ್ಜಿಗೆ ಕುಡಿಯಲಿಲ್ಲ. ಸೀರೆ ಒಯ್ದ.

ಅವನು ಹೋದ ಮೇಲೆ ಸಾಹೇಬರು ನನಗೆ ಅಂದರು: “ನಿಮ್ಮನ್ನ ನಿಮ್ಮ ಮೊದಲಿನ ಕಚೇರಿಗೆ ವಾಪಸ್ ಕಳಸಬೇಕಾಗ್ತೈತಿ.”

“ಹೌದ್ರಿ.”

“ಪತ್ರ ಟೈಪ್ ಮಾಡ್ರಿ.”

ನನ್ನನ್ನು ವಾಪಸ್ ಕಳಿಸುವ ಪತ್ರವನ್ನು ನಾನೇ ಟೈಪ್ ಮಾಡಿದೆ. ‘ಇವರ ಸೇವೆ ಇನ್ನು ಅವಶ್ಯವಿಲ್ಲದ ಕಾರಣ.’ ಒಂದೂ ತಪ್ಪಿಲ್ಲದೆ ಬಂತು. ಓದಿ ಹೇಳಿದೆ. ಸಾಹೇಬರು ಪೆನ್ನು ತೆಗೆದರು, ಕಿಟಕಿಯಿಂದ ಹೊರಗೆ ನೋಡಿದರು. “ಹೊತ್ತ ಮುಣಗಾಕ ಬಂತು. ಊಟ ಆಗಬೇಕು. ನಾಳೆ ಮಾಡ್ತೇನಿ,” ಎಂದು ಎದ್ದರು.

ಮರುದಿನ ಕೇಳಲಿಲ್ಲ. ನಾನು ಅದನ್ನು ‘ಸಹಿಗೆ’ ಎಂಬ ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟೆ. ಅವರು ಅದನ್ನು ಎತ್ತಿ ಬಾಜೂಕ್ಕಿಟ್ಟು ಕೆಳಗಿನ ಪತ್ರಗಳಿಗೆ ಸಹಿ ಹಾಕುತ್ತಿದ್ದರು, ಮತ್ತೆ ಮೇಲೆ ಇಡುತ್ತಿದ್ದರು. ಹೀಗೆ ಆರು ವರ್ಷ ನಡೆಯಿತು. ಆ ಹಾಳೆ ಈಗಲೂ ನನ್ನ ಹತ್ತಿರ ಇದೆ, ಮೂಲೆ ಹಳದಿಯಾಗಿದೆ.

ಖಾಲಿ ಸಹಿ ಮಾತ್ರ ಅಂದಿಗೇ ನಿಂತಿತು. ಅಲ್ಲಿಂದ ಮುಂದೆ ಪ್ರತಿ ಪತ್ರವನ್ನೂ ನಾನು ಗಟ್ಟಿಯಾಗಿ ಓದಬೇಕು, ಅವರು ಕೇಳಿ ಸಹಿ ಹಾಕಬೇಕು. ಅರ್ಧ ದಿನದ ಕೆಲಸ ಎರಡು ದಿನ ಹಿಡಿಯತೊಡಗಿತು. ತಮ್ಮ ಹೆಸರಿನಲ್ಲಿ ಏನೇನು ಹೋಗುತ್ತದೆ ಎಂಬುದು ಸಾಹೇಬರಿಗೆ ಆಗಲೇ ಮೊದಲ ಸಲ ತಿಳಿದದ್ದು. ಕೆಲವು ಕೇಳಿ, “ಹಿಂಗ ಅಂತೇನೇನು ನಾ?” ಎಂದು ಬೆರಗಾಗುತ್ತಿದ್ದರು. “ಅಂದೀರ್ರಿ,” ಎಂದು ನಾನು ನಮೂದಿನ ಸಂಖ್ಯೆ ಹೇಳುತ್ತಿದ್ದೆ.

ಗುರುವಾರದ ಸೀರೆಗಳು ನಿಂತವೇ? ಸವಿತಾಗೆ ಸುಳ್ಳು ಹೇಳಬಾರದು. ನಿಲ್ಲಲಿಲ್ಲ. ಆದರೆ ಸಹಿಗೆ ಮೊದಲು ಸಾಹೇಬರು ಒಂದು ಪ್ರಶ್ನೆ ಕೇಳತೊಡಗಿದರು: “ಎತ್ತಿ ಇಳಿಸಿದವರು ಯಾರು?” ಕೆಲವು ಅಣ್ಣಂದಿರು ಸೀರೆ ಹಿಡಿದು ಹಾಗೆಯೇ ಮರಳಿದರು. ಉಳಿದವರು ಉಡಿಸಿದರು. ಸಾಕ್ಷಿಗೆ ನನ್ನ ಕಡೆ ನೋಡಿದಾಗ, ಕೈ ನೋಯುತ್ತದೆ ಅಂದೆ. ಒಮ್ಮೆ ಅಂದದ್ದನ್ನೇ ಪ್ರತಿ ಸಲವೂ ಅಂದೆ. ಅವರು ಯಾವ ಕೈ ಎಂದು ಕೇಳಲಿಲ್ಲ.

ಮುಂದಿನ ಚುನಾವಣೆ ಹೇಗೋ ದಾಟಿತು, ಅದರ ಮುಂದಿನದರಲ್ಲಿ ಸಾಹೇಬರು ಸೋತರು. ಭರಮಪ್ಪ ಅಷ್ಟೊತ್ತಿಗೆ ಎದುರು ಪಕ್ಷದವರ ಗೋಡೆ ಬರೆಯುತ್ತಿದ್ದ. ನಾಗನೂರಿನ ಮತಪೆಟ್ಟಿಗೆಯಲ್ಲಿ ಪ್ರತಿ ಸಲ ಬರುತ್ತಿದ್ದಷ್ಟು ಮತ ಬರಲಿಲ್ಲ. ಕಾರಣ ಅದೊಂದೇ ಎಂದು ನಾನು ಹೇಳುವುದಿಲ್ಲ, ಸಾಹೇಬರೂ ಹೇಳಲಿಲ್ಲ. ಸೋತ ಮರುದಿನ ಕಚೇರಿ ಖಾಲಿ ಮಾಡುವಾಗ ವಹಿ ಯಾರಿಗೆ ಎಂದು ಕೇಳಿದೆ. “ನಿಮ್ಮ ಕಡೆ ಇರ್ಲಿ ಬಾಯಾರ. ನನಗ ಓದಿದ್ರ ಜಗಳಾಡಬೇಕು ಅನಸ್ತೈತಿ,” ಅಂದರು. ಯಾರೊಡನೆ ಎಂದು ಹೇಳಲಿಲ್ಲ. ನಾನು ನನ್ನ ಹಳೆಯ ಕಚೇರಿಗೆ ಮರಳಿ, ಸ್ವಲ್ಪ ದಿನ ಕಂಪ್ಯೂಟರಿನ ಮುಂದೆ ಕೂತು, ಕೀಲಿಗಳ ಶಬ್ದವಿಲ್ಲದ ಟೈಪಿಂಗಿಗೆ ಒಗ್ಗದೆ ಸ್ವಯಂ ನಿವೃತ್ತಿ ತೆಗೆದುಕೊಂಡೆ.

ಹೊಲದ ಉತಾರ, ಅಂದರೆ ಯಾರ ಹೊಲ ಎಂದು ಹೇಳುವ ಕಾಗದ, ಕಂಪ್ಯೂಟರಿನಿಂದ ಬರತೊಡಗಿದ ವರ್ಷ ಪದ್ಮಾವತಿ ತನ್ನ ಪ್ರತಿ ತಂದು ತೋರಿಸಿದ್ದಳು. ಅರ್ಧ ಹೊಲ, ಹೊಲದ ಮನೆ. ಹೆಸರು ಅಚ್ಚಾಗಿ ಬಂದಿತ್ತು. ಅದನ್ನೂ ಅದೇ ಬಗೆಯ ಪ್ಲಾಸ್ಟಿಕ್ ಚೀಲದಲ್ಲಿ ತಂದಿದ್ದಳು. ಅಣ್ಣ ತನ್ನ ಅರ್ಧ ಮಾರಿ ಸಂಕೇಶ್ವರಕ್ಕೆ ಹೋದ.

ಇವತ್ತು ಸೀತನಿ ತಿನ್ನಲು ಬನ್ನಿರೆಂದು ಅವಳು ನಮ್ಮನ್ನು ಕರೆದಿದ್ದಳು. ಗೌತಮ ಈಗ ತನ್ನದೇ ಗಾಡಿ ಇಟ್ಟಿದ್ದಾನೆ. ದಾರಿಯಲ್ಲಿ ಸಾಹೇಬರನ್ನೂ ಹತ್ತಿಸಿಕೊಂಡೆವು. ಕೋಲು ಬಂದಿದೆ, ಕಿವಿ ಮಂದವಾಗಿದೆ, ಟೊಪಗಿ ಅದೇ. ಎಲ್ಲಿಗೆ ಎಂದು ಕೇಳಿದರು. ನಾಗನೂರು ಎಂದೆ. “ಮತಾ ಕೊಡದ ಊರು,” ಎಂದು ಹತ್ತಿ ಕೂತರು.

ಹೊಲದ ಬದುವಿನಲ್ಲಿ ಕುಳ್ಳಿನ ಕೆಂಡದ ಮೇಲೆ ಎಳೆ ಜೋಳದ ತೆನೆ ಸುಟ್ಟು, ತಿಕ್ಕಿ, ಕೇರಿ ಕೊಟ್ಟಳು. ಅದು ಆದ ಮೇಲೆ ಮನೆಯ ಮುಂದೆ ಚಾಪೆ ಹಾಸಿ ಊಟ. ಬಿಸಿ ರೊಟ್ಟಿ, ಹೆಸರುಕಾಳಿನ ಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಗೋಧಿ ಹುಗ್ಗಿ, ಮೇಲೆ ತುಪ್ಪ. ಸಾಹೇಬರು ಮೂರನೆಯ ರೊಟ್ಟಿ ಮುರಿಯುತ್ತ ನನಗೆ ಅಂದರು:

“ಬಾಯಾರ, ಹೆಣ್ಣಮಕ್ಕಳಿಗೆ ಹೊಲದಾಗ ಪಾಲ ಕೊಟ್ರ ಮನಿ ಒಡೀತೈತಿ. ಈಗೂ ನನ್ನ ನಿಲುವು ಅದ.”

“ಹೌದ್ರಿ,” ಅಂದೆ. “ಬರದೇನಿ.”

“ಹೌದ್ರಿ ಕಾಕಾ,” ಅಂದಳು ಪದ್ಮಾವತಿ. “ಇನ್ನೊಂದ ರೊಟ್ಟಿ ಹಾಕ್ಲ್ರಿ?”

“ಹಾಕವಾ.”

ನಾನು ಎರಡು ರೊಟ್ಟಿ ತಿಂದೆ, ಹುಗ್ಗಿ ಎರಡು ಸಲ. ಗೌತಮ ಐದು. ಪದ್ಮಾವತಿ ಎಲ್ಲರದೂ ಆದ ಮೇಲೆ ಕೂತಳು.

ಮೊದಲು ಮಲಗಿದವರು ಸಾಹೇಬರು. ಪಡಸಾಲೆಯ ಹೊರಸಿನ ಮೇಲೆ, ಟೊಪಗಿ ಎದೆಯ ಮೇಲಿಟ್ಟುಕೊಂಡು, ಅಂಗೈ ತೊಳೆದ ನೀರು ಆರುವುದರೊಳಗೆ ನಿದ್ದೆ. ಐದು ವರ್ಷ ಅಪ್ಪ ಮಲಗಿದ್ದುದು ಅದೇ ಹೊರಸು ಎಂದು ಪದ್ಮಾವತಿ ನನಗೆ ಮೊದಲೇ ತೋರಿಸಿದ್ದಳು. ಅವರಿಗೆ ಅವಳು ಹೇಳಲಿಲ್ಲ, ನಾನೂ ಹೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವರ ಒಂದು ಕಾಲು ಹೊರಸಿನಿಂದ ಕೆಳಗೆ ಜಾರಿತು. ಪದ್ಮಾವತಿ ತಾಟು ತೊಳೆಯುತ್ತಿದ್ದವಳು ಕೈ ಒರೆಸಿಕೊಂಡು ಬಂದು, ಒಂದು ಕೈ ಹಿಮ್ಮಡಿಗೆ, ಒಂದು ಕೈ ಮೊಣಕಾಲಿಗೆ ಕೊಟ್ಟು, ಅವರಿಗೆ ಎಚ್ಚರವಾಗದಂತೆ ಎತ್ತಿ ಮೇಲಿಟ್ಟು ಹೋದಳು.